ಸೀಸದ ಗುಂಡುಗಳು ಎಂದು ಬರೆದ ಡಬ್ಬಿ

೧೯೮೮ರ ಮಾರ್ಚ್. ಗಂಡನ ಬ್ಯಾಂಕ್ ವರ್ಗಾವಣೆಯಿಂದ ವಿಶಾಖಪಟ್ಟಣ ಸೇರಿದ್ದ ನಾನು ಅಲ್ಲಿನ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಸತತ ಎರಡನೆಯ ವರ್ಷ ನನ್ನನ್ನು ಪ್ರಾಕ್ಟಿಕಲ್ ಪರೀಕ್ಷೆಯ ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ ವಿಜಯವಾಡದ ಅದೇ ಕಾಲೇಜಿಗೆ ಕಳುಹಿಸಿದರು. ನಾಲ್ಕನೆಯ ದಿನ, ಕೊನೆಯ ಬ್ಯಾಚ್. ಬರ್ನರ್ ಆರುತ್ತದೆಂದು ಫ್ಯಾನೂ ಹಾಕುವಂತಿಲ್ಲ. ನಲ್ಲಿಯ ನೀರೇ ೩೪ ಡಿಗ್ರಿ. ಹೇಗಾದರೂ ಐದರ ಟ್ರೈನ್ ಹಿಡಿದರೆ ಸಾಕಾಗಿತ್ತು.

ಈ ಬ್ಯಾಚಿಗೆ ಕೊಟ್ಟ ಪ್ರಯೋಗ ಸರಳ. ನೂರು ಗ್ರಾಂ ಸೀಸದ ಗುಂಡುಗಳನ್ನು ೧೦೦ ಡಿಗ್ರಿಗೆ ಕಾಯಿಸಿ, ನೂರು ಗ್ರಾಂ ನೀರಿರುವ ತಾಮ್ರದ ಕ್ಯಾಲೊರಿಮೀಟರಿಗೆ ಸುರಿಯಬೇಕು. ಗುಂಡುಗಳು ಕಳೆದುಕೊಂಡ ಶಾಖ, ನೀರೂ ಪಾತ್ರೆಯೂ ಪಡೆದ ಶಾಖಕ್ಕೆ ಸಮ. ಅದರಿಂದ ಸ್ಪೆಸಿಫಿಕ್ ಹೀಟ್, ಅಂದರೆ ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಸಿಗುತ್ತದೆ. ಸೀಸಕ್ಕೆ ಅದು ೦.೦೩ ಕ್ಯಾಲೊರಿ.

ಏಳು ಮಂದಿ ೦.೦೩ ಬರೆದಿದ್ದರು. ಟಿಕ್ ಹಾಕಿದೆ. ಎಂಟನೆಯವಳು ವಾಣಿ, ೦.೧೦೫ ಬರೆದಿದ್ದಳು. ಕೆಂಪು ಗೆರೆ ಎಳೆದೆ. ಪ್ರಾಕ್ಟಿಕಲ್ ಹೋದರೆ ಅವಳ ವರ್ಷವೇ ಹೋದಂತೆ.

"ನಿಮ್ಮ ಕನ್ನಡದ ಹುಡುಗಿ ಹೊಸ ಮೆಟಲ್ ಕಂಡುಹಿಡಿದಿದ್ದಾಳೆ, ಮೇಡಂ ಗಾರು!" ಆ ಕಾಲೇಜಿನ ಲೆಕ್ಚರರ್ ರಾವ್ ನಕ್ಕರು.

ಮನೆಮಾತು ಕನ್ನಡವಾದರೂ ವಿಜಯವಾಡದಲ್ಲೇ ಬೆಳೆದ ವಾಣಿ ನಗಲಿಲ್ಲ. "ನೀರು ನಲವತ್ತಕ್ಕೆ ಹೋಯ್ತು ಮೇಡಂ. ಹೋಗಿಲ್ಲ ಅಂತ ಹ್ಯಾಗೆ ಬರೀಲಿ?"

ಥರ್ಮಾಮೀಟರ್ ನೋಡಿದೆ. ಹೌದು, ನಲವತ್ತರ ಹತ್ತಿರವೇ ಇತ್ತು. ಲೆಕ್ಕ ಹಾಕಿದೆ: ಪಾತ್ರೆಯೂ ಸೇರಿ ೧೦೫ ಗ್ರಾಂ ನೀರಿನ ಸಮ, ಏರಿದ್ದು ಆರು ಡಿಗ್ರಿ, ಒಟ್ಟು ೬೩೦ ಕ್ಯಾಲೊರಿ. ಗುಂಡುಗಳು ಅರವತ್ತು ಡಿಗ್ರಿ ತಣಿದಿವೆ. ಸರಿಯಾಗಿ ೦.೧೦೫. ಸೀಸವಾಗಿದ್ದರೆ ನೀರು ಎರಡು ಡಿಗ್ರಿಯೂ ಏರುತ್ತಿರಲಿಲ್ಲ.

ಪಕ್ಕದ ಟೇಬಲ್ಲಿನ ಅಯಸ್ಕಾಂತ ತಂದು ನೀರಿಗಿಳಿಸಿದೆ. ಗುಂಡುಗಳು ಗೊಂಚಲಾಗಿ ಅಂಟಿಕೊಂಡು ಮೇಲೆ ಬಂದವು. ಕಬ್ಬಿಣ.

"ಲೆಡ್ ಮುಗಿದು ಮೂರು ವರ್ಷ ಆಯ್ತು ಮೇಡಂ," ರಾವ್ ಮೆಲ್ಲಗೆ ಹೇಳಿದರು. "ಅದೇ ಡಬ್ಬಿಗೆ ಸೈಕಲ್ ಬೇರಿಂಗ್ ಬಾಲ್ಸ್ ಹಾಕಿಟ್ಟಿದ್ವಿ. ಆನ್ಸರ್ ಮಾತ್ರ ಪ್ರತಿ ವರ್ಷ ಕರೆಕ್ಟಾಗೇ ಬರ್ತಿತ್ತು."

ಏಳೂ ಮಂದಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ನೀರು ೩೫.೮ ಡಿಗ್ರಿಗೆ ಏರಿತು ಎಂದು ಬರೆದಿದ್ದರು. ವಾಣಿಗೆ ಪೂರ್ತಿ ಅಂಕ ಕೊಟ್ಟು, ಉಳಿದವರಿಂದ ಮತ್ತೆ ಪ್ರಯೋಗ ಮಾಡಿಸಿದೆ. ಟ್ರೈನ್ ತಪ್ಪಿತು.

ಗೊತ್ತಿರುವ ಉತ್ತರಕ್ಕೆ ಟಿಕ್ ಹಾಕುವುದು ಪರೀಕ್ಷೆಯಲ್ಲ, ಅದು ಬರಿಯ ಆಯಾಸ. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಆದರೆ ಹಿಂದಿನ ವರ್ಷ, ಅದೇ ಡಬ್ಬಿಯಿಂದ ನಿಜ ಬರೆದ ಇನ್ಯಾವ ಮಗುವಿನ ಪುಟಕ್ಕೆ ಕೆಂಪು ಗೆರೆ ಎಳೆದಿದ್ದೆನೋ? ಆನೆಸ್ಟ್ಲಿ, ನೆನಪಿಲ್ಲ. ಆ ಸಲ ಟ್ರೈನ್ ಸಿಕ್ಕಿತ್ತು, ಅದೊಂದೇ ನೆನಪು.