ಲಾಳಿ ಹೋಗಿ ಬಂದರೆ ಒಂದು

ಮಾರ್ಚ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ರಾಟರ್‌ಡ್ಯಾಮ್ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಮೇಜಿನ ಮೇಲಿದ್ದ ನೀರಿನ ಲೋಟ ತಾನಾಗಿ ನಡುಗಿತು. ಭೂಕಂಪವೆಂದು ಹೊಟ್ಟೆ ಹಿಡಿದುಕೊಂಡು ಎರಡು ಮಹಡಿ ಇಳಿದೆ. ಬೀದಿಯಲ್ಲಿ ಬೇರೆ ಯಾರೂ ಓಡುತ್ತಿರಲಿಲ್ಲ. ಕೆಳಮನೆಯ ಯಾನ್ ಬಾಗಿಲು ತೆರೆದು ಕ್ಷಮೆ ಕೇಳಿದ. ಕುಣಿತದ ಕ್ಲಬ್ಬುಗಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದು ಅವನ ಕೆಲಸ. ಅಂದು ಹೊಸ ಸ್ಪೀಕರ್ ಪರೀಕ್ಷಿಸುತ್ತಿದ್ದ.

ಆಗ ನನಗೆ ಐದು ತಿಂಗಳು. ಮೊದಲ ಬಸಿರು ಊರಲ್ಲಿ ಏಳನೇ ತಿಂಗಳಲ್ಲಿ ಹೋಗಿತ್ತು. ಕೂಸಿನ ಎದೆಬಡಿತ ಇಳಿದಿದೆ ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಈ ಸಲ ಹೆರಿಗೆಗೆ ತವರಿಗೆ ಬಾ ಎಂದು ಅವ್ವ ಎಷ್ಟು ಕರೆದರೂ ಹೋಗಲಿಲ್ಲ. ಆ ದವಾಖಾನೆಯ ಮೆಟ್ಟಿಲು ಮತ್ತೆ ಹತ್ತುವ ಧೈರ್ಯ ನನಗಿರಲಿಲ್ಲ.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಪಡಸಾಲೆಯ ಮಗ್ಗ ಬೆಳಗಿನಿಂದ ಸಂಜೆಯವರೆಗೆ ಬಡಿಯುತ್ತಿತ್ತು. ಸದ್ದು ನಿಂತರೆ ಮಾತ್ರ ನೆರೆಯವರು ಬಂದು, ಏನಾಯಿತೆಂದು ಕೇಳುತ್ತಿದ್ದರು. ಇಲ್ಲಿ ಸದ್ದೆಂದರೆ ದೂರು. ಯಜಮಾನರು ಬಂದರಿನ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ನಾನು ಮತ್ತು ನೆಲದಡಿಯಿಂದ ಬರುವ ಬಡಿತ.

ಯಾನ್ ಅದನ್ನು ಬಿಡಿಸಿ ಹೇಳಿದ. ನಿಮಿಷಕ್ಕೆ ನೂರಿಪ್ಪತ್ತೈದರ ಆಸುಪಾಸು ಬಡಿದರೆ ಹೌಸ್ ಎಂಬ ಬಗೆಯ ಕುಣಿತದ ಸಂಗೀತ, ನೂರ ಮೂವತ್ತೆಂಟಕ್ಕೆ ಟ್ರಾನ್ಸ್. ಇನ್ನೂ ಓಡಿದರೆ ಸೈಟ್ರಾನ್ಸ್. ನೂರ ಎಂಬತ್ತು ದಾಟುವ ಗ್ಯಾಬರ್ ಈ ಊರಿನದೇ ಸಂಗೀತ. ಹೆಸರಿಗೆ ಇಲ್ಲಿಯ ಆಡುಮಾತಿನಲ್ಲಿ ಗೆಳೆಯ ಎಂದರ್ಥ. ನಾನು ಗದಗಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವಳು. ಯಾರ ಅಂಕಿಯನ್ನೂ ಪರೀಕ್ಷಿಸದೆ ಬಿಡುವುದಿಲ್ಲ. ಅವನ ಟ್ರಾನ್ಸ್ ಕೇಳಿ ಎಣಿಸಿದೆ. ಅರವತ್ತೊಂಬತ್ತು ಬಂತು. ಇವನು ಜಂಬಕ್ಕೆ ಹೆಚ್ಚು ಹೇಳುತ್ತಾನೆ ಅಂದುಕೊಂಡೆ.

ಏಳನೇ ತಿಂಗಳು ಬಿತ್ತು. ಹೊಟ್ಟೆಗಿಟ್ಟು ಕೇಳುವ ಚಿಕ್ಕ ಯಂತ್ರವೊಂದನ್ನು ತರಿಸಿಕೊಂಡೆ. ಅದರಲ್ಲಿ ಸದ್ದು ಬರುತ್ತದೆ, ಅಂಕಿ ಬರುವುದಿಲ್ಲ. ಮಂಗಳವಾರ ಬೆಳಿಗ್ಗೆ ಗಡಿಯಾರ ಹಿಡಿದು ಎಣಿಸಿದೆ: ಎಪ್ಪತ್ತು. ಮತ್ತೊಮ್ಮೆ: ಎಪ್ಪತ್ತೊಂದು. ಕೈಪಿಡಿಯಲ್ಲಿ ನೂರಹತ್ತರಿಂದ ನೂರರವತ್ತು ಇರಬೇಕೆಂದಿತ್ತು. ಕೂಡಲೇ ಫೋನು ಮಾಡಿದೆ. ‘ವೆರ್ಲೋಸ್ಕುಂದಿಖ’, ಅಂದರೆ ಮನೆಗೇ ಬರುವ ಇಲ್ಲಿಯ ಸೂಲಗಿತ್ತಿ, ನಲವತ್ತು ನಿಮಿಷದಲ್ಲಿ ಬರುತ್ತೇನೆಂದಳು. ಕೆಲಸದ ಹೊತ್ತಿನಲ್ಲಿ ಯಜಮಾನರ ಫೋನು ಬಂದರಿನ ಕಪಾಟಿನಲ್ಲಿರುತ್ತಿತ್ತು. ಒಬ್ಬಳೇ ಕೂರಲಾರದೆ ಯಂತ್ರದೊಂದಿಗೆ ಕೆಳಗಿಳಿದೆ.

ನಾನು ಹೊಟ್ಟೆಗಿಟ್ಟ ಯಂತ್ರದ ಸದ್ದನ್ನು ಯಾನ್ ಕಣ್ಣು ಮುಚ್ಚಿ ಕೇಳಿದ. ತನ್ನ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದ.

“ನೂರ ನಲವತ್ತರ ಹತ್ತಿರ,” ಎಂದ. “ಟ್ರಾನ್ಸ್.”

“ಇಲ್ಲ, ಎಪ್ಪತ್ತು.”

“ಮೇಜು ತಟ್ಟಿ ತೋರಿಸಿ.”

ತಟ್ಟಿದೆ.

“ಒಂದು ಬಿಟ್ಟು ಒಂದು ತಟ್ಟುತ್ತಿದ್ದೀರಿ.”

“ಬಿಟ್ಟಿಲ್ಲ. ಅದು ತಿರುಗಿ ಬರುವ ಬಡಿತ,” ಎಂದವಳು ಅಲ್ಲಿಗೇ ನಿಂತೆ. ಮಗ್ಗದಲ್ಲಿ ಲಾಳಿ ಎಡದಿಂದ ಬಲಕ್ಕೆ ಹೋದಾಗ ಒಂದು ಏಟು, ಬಲದಿಂದ ಎಡಕ್ಕೆ ಬಂದಾಗ ಇನ್ನೊಂದು. ಅವ್ವ ಎರಡನ್ನೂ ಸೇರಿಸಿ ಒಂದು ಎಂದು ಎಣಿಸಲು ಕಲಿಸಿದ್ದಳು. ನನಗೆ ಬರುವ ಎಣಿಕೆ ಅದೊಂದೇ.

ಆದರೂ ಯಾನ್‌ನ ಬೆರಳನ್ನು ನಂಬಿ ಮೇಲೆ ಹೋಗಲಾಗಲಿಲ್ಲ. ಅವನ ಮೆಟ್ಟಿಲ ಮೇಲೇ ಕುಳಿತೆ. ಸೂಲಗಿತ್ತಿ ಬಂದು ತನ್ನ ಯಂತ್ರ ಇಟ್ಟಳು. ಅದರಲ್ಲಿ ೧೪೨ ಮೂಡಿತು. ನನ್ನ ಯಂತ್ರವನ್ನು ಪೆಟ್ಟಿಗೆಯಲ್ಲಿಡಲು ಹೇಳಿದಳು.

ಸಂಜೆ ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ಕೂಸೇನ್ ಮಗ್ಗಕ್ಕ ಕುಂತೈತೇನವಾ, ಏಟ ಎಣಸಾಕ?” ಎಂದು ನಕ್ಕಳು. ಆಮೇಲೆ ದನಿ ಇಳಿಯಿತು. “ಖರೇ ಹೇಳ, ಚಲೋ ಐತಿಲ್ಲೋ?”

“ನೂರಾ ನಲವತ್ತೆರಡಂತ, ಯವ್ವಾ.”

“ಅದ ಅವರ ಲೆಕ್ಕ. ನಮ್ಮ ಲೆಕ್ಕದಾಗ ಎಷ್ಟ?”

“ಎಪ್ಪತ್ತೊಂದ.”

“ಹಾಂ. ಭಾಳ ಲಗೂನೂ ಅಲ್ಲ, ಸಾವಕಾಶನೂ ಅಲ್ಲ. ಇನ್ನ ಉಣ್ಣ ಹೋಗ. ಇಲ್ಲಿಗೆ ಬಂದಿದ್ರ ನಾನ ಎಣಸ್ತಿದ್ದೆ.”

ಫೋನಿಟ್ಟು ಉಣ್ಣಲು ಎದ್ದೆ.

ಇದು ಮೂವತ್ತಾರನೇ ವಾರ. ಇಂದು ಬೆಳಿಗ್ಗೆ ಒಂಬತ್ತೂವರೆಗೆ ಸೂಲಗಿತ್ತಿಯ ಯಂತ್ರದಲ್ಲಿ ೧೪೪ ಇತ್ತು. ಅದೇ ನಿಮಿಷ ನಾನು ಬೆರಳಲ್ಲಿ ಎಣಿಸಿದ್ದು ೭೨.