ರಾಣಿಯ ಊಟ ತಂದ ಮಾವ

೧೯೯೬ರಲ್ಲಿ, ಏಳನೇ ಇಯತ್ತೆಯಲ್ಲಿದ್ದಾಗ, ನಾನು ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡಿದ್ದ, ಅವ್ವನ ಮನಸ್ಸು ಸರಿಯಿರಲಿಲ್ಲ, ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಉಳಿ ಹಿಡಿದೆ. ಅದಕ್ಕೆ ನಾಚಿಕೆ ಎಂಥದ್ದೂ ಇಲ್ಲ. ಬನವಾಸಿಯಿಂದ ಯಲ್ಲಾಪುರದವರೆಗೆ ನಾನು ಕೂರಿಸಿದ ಬಾಗಿಲು ಒಂದಾದರೂ ಕಿರ್ರೆಂದರೆ ಬಂದು ಹೇಳಲಿ.

ಮೊನ್ನೆ ಅಂಗಡಿಗೆ ಯಾರೋ ಹಳೇ ಜೇನುಪೆಟ್ಟಿಗೆ ರಿಪೇರಿಗೆ ತಂದಿಟ್ಟರು. ಮುಚ್ಚಳ ತೆಗೆದದ್ದೇ ಮೇಣದ ವಾಸನೆ, ಅದರ ಹಿಂದೆ ಒಂದಿಷ್ಟು ಹೊಗೆ, ಒಂದಿಷ್ಟು ಹುಳಿ... ಚಾ ತಂದ ಹೆಂಡತಿ ಅಲ್ಲೇ ನಿಂತು, ಅಪ್ಪ ಬಂದಂಗಾತು ಅಂದಳು. ನನಗೂ ಹಾಗೇ ಆಗಿತ್ತು.

ನನ್ನ ಮಾವ, ಅಂದರೆ ಅವಳ ಅಪ್ಪ, ಸಿದ್ದಾಪುರದ ಕಡೆ ದೊಡ್ಮನೆ ಹತ್ತಿರದವರು. ಜೇನು ಸಾಕುವುದೇ ಕಸುಬು. ಪೆಟ್ಟಿಗೆ ತೆಗೆಯುವ ಮುಂಚೆ, ನೆಂಟರ ಮನೆಗೆ ಹೋದವರ ಹಾಗೆ, ಬೆರಳಿಂದ ಬಡಿಯುತ್ತಿದ್ದರು. ಹುಳ ಕಚ್ಚಿದರೆ, ಅದರ ಮನೆಗೆ ನಾನೇ ನುಗ್ಗಿದ್ದು, ಬೈಯೂದು ಅದರ ಹಕ್ಕು ಅನ್ನುತ್ತಿದ್ದರು.

ನನ್ನ ಅವ್ವನಿಗೆ ಇದ್ದದ್ದು ಕಿವಿಯಲ್ಲಿ ಯಾರೋ ಮಾತಾಡಿದ ಹಾಗಾಗುವ ಕಾಯಿಲೆ. ಊಟದಲ್ಲಿ ವಿಷ ಹಾಕಿದ್ದಾರೆ ಅಂತ ಅನುಮಾನ. ಶಿರಸಿಯ ಡಾಕ್ಟರ ಗುಳಿಗೆಯಿಂದ ಬಹಳಷ್ಟು ಹಿಡಿತಕ್ಕೆ ಬಂದಿತ್ತು, ನಗು ಮಾತ್ರ ವಾಪಸ್ಸು ಬಂದಿರಲಿಲ್ಲ. ಮಾವ ಎಲ್ಲ ತಿಳಿದೇ ಮಗಳನ್ನು ಕೊಟ್ಟಿದ್ದರು.

ಹೆಂಡತಿ ಬಸುರಿಯಾದಾಗ ಅವಳ ಸೋದರತ್ತೆ ಬಂದು ಕೂತಳು. ರಕ್ತದಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ, ಮೊಮ್ಮಕ್ಕಳಿಗೂ ಬಂದೇ ಬರುತ್ತದೆ, ಹೆರಿಗೆಗೆ ತವರಿಗೆ ಹೋದವಳು ಕೂಸು ಕಟ್ಟಿಕೊಂಡು ಅಲ್ಲೇ ಇದ್ದುಬಿಡು ಅಂತ ಹೇಳಿ ಹೋದಳು. ಇವಳ ನಿದ್ದೆ ಹೋಯಿತು. ಅವ್ವ ಮಾಡಿದ ರೊಟ್ಟಿ ಮುಟ್ಟದಾದಳು. ನಾನು ಅವ್ವನನ್ನು ಎಲ್ಲಿ ಬಿಡಲಿ, ಇವಳನ್ನು ಹೇಗೆ ಬಿಡಲಿ...

ಸುದ್ದಿ ಕೇಳಿ ಮಾವ ಮರುದಿನವೇ ಬಂದರು. "ನನ್ನ ತಂಗಿ ಎಂತ ಡಾಕ್ಟ್ರನಾ? ಕೇಳೂದಾದ್ರೆ ಡಾಕ್ಟ್ರನ್ನೇ ಕೇಳುವ, ನಡೀರಿ" ಅಂದು ನಮ್ಮನ್ನು ಶಿರಸಿ ಬಸ್ಸು ಹತ್ತಿಸಿದರು.

ಮಾವನದು ಜೇನು ಕಸುಬು ಅಂತ ತಿಳಿದು ಡಾಕ್ಟರು ಅದರಲ್ಲೇ ಹೇಳಿದರು. ರಾಣಿಯದ್ದೂ ಕೆಲಸದ ಹುಳದ್ದೂ ಒಂದೇ ತರದ ಮೊಟ್ಟೆ. ಹುಳಗಳು ಮರಿಗಳಿಗೆ ಉಣಿಸುವ ಬಿಳೀ ರಸ ಯಾವುದಕ್ಕೆ ಕೊನೇತನಕ ಸಿಗುತ್ತದೋ ಅದು ರಾಣಿ. ಹುಟ್ಟುಗುಣ ಬದಲಾಗುವುದಿಲ್ಲ, ಉಂಡದ್ದರಿಂದ ಅದರ ಮೇಲೆ ಗುರುತು ಬಿದ್ದು ಕೆಲವು ಗುಣ ಎಚ್ಚರಾಗುತ್ತವೆ, ಕೆಲವು ಮಲಗುತ್ತವೆ. ಮನುಷ್ಯರಲ್ಲೂ ಇಂಥ ಗುರುತುಗಳಿವೆ. ಹಸಿವು, ಹೆದರಿಕೆ, ನಶೆ, ಹೊಟ್ಟೆಯಲ್ಲಿದ್ದಾಗಿನ ಕಷ್ಟ ಇವೆಲ್ಲ ಅವನ್ನು ಬದಲಿಸಬಹುದು. ದೊಡ್ಡ ಮನೋರೋಗಗಳಲ್ಲಿ ಅವು ಬೇರೆ ತರ ಕಂಡಿವೆ, ಆದರೆ ಕಾಯಿಲೆ ಅವುಗಳಿಂದಲೋ, ಅವು ಕಾಯಿಲೆಯಿಂದಲೋ, ಇನ್ನೂ ಪೂರ್ತಿ ಗೊತ್ತಿಲ್ಲ. ಮಗುವಿಗೆ ಬೇರೆಯವರಿಗಿಂತ ಅಪಾಯ ಸ್ವಲ್ಪ ಹೆಚ್ಚು ನಿಜ, ಆದರೆ ಇಂಥ ಮನೆಗಳ ಹೆಚ್ಚಿನ ಮಕ್ಕಳಿಗೆ ಇದು ಬರುವುದೇ ಇಲ್ಲ.

ನನಗೆ ಅರ್ಥವಾಯಿತು. ಒಂದೇ ಮರದ ಹಲಗೆ, ಒಂದು ಬಾಗಿಲಾಗುತ್ತದೆ, ಒಂದು ಮಣೆಯಾಗುತ್ತದೆ. ಮಾವನಿಗೆ ಮಾತ್ರ ಸ್ವಲ್ಪ ಹೆಚ್ಚೇ ಅರ್ಥವಾಗಿಬಿಟ್ಟಿತ್ತು.

ವಾರ ಕಳೆದಿರಲಿಲ್ಲ, ಔಷಧದ ಸಣ್ಣ ಸೀಸೆ ಹಿಡಿದು ಬಂದರು. ಒಳಗೆ ಬೆಳ್ಳಗೆ ಗಂಜಿಯಂಥದ್ದು. ರಾಣಿಯ ಊಟ, ಹೊಟ್ಟೆಯ ಕೂಸಿಗೆ ಅಂದರು. ತಮ್ಮ ಒಳ್ಳೇ ಪೆಟ್ಟಿಗೆಯಲ್ಲಿ ಹಳೇ ರಾಣಿ ಅರ್ಧ ಹುಳ ಕಟ್ಟಿಕೊಂಡು ಹಾರಿಹೋಗಿತ್ತು, ರಾಣಿಗೂಡಿಂದ ಹೊಸ ರಾಣಿ ಏಳಬೇಕಿತ್ತು. ಮಾವ ಆ ರಾಣಿಗೂಡುಗಳನ್ನೆಲ್ಲ ಬಿಡಿಸಿ ರಸ ತೆಗೆದಿದ್ದರು! ರಾಣಿಯಿಲ್ಲದ ಪೆಟ್ಟಿಗೆ ಉಳಿಯುವುದಿಲ್ಲ ಅಂತ ಊರಿಗೆಲ್ಲ ಪಾಠ ಹೇಳುವ ಮನುಷ್ಯ. ಕೇಳಿದರೆ, ಹುಳ ಮತ್ತೆ ಹಿಡೀಬಹುದು, ಮೊಮ್ಮಗುವನ್ನ ಹಿಡೀಬಹುದನಾ ಅಂದರು.

ಚಮಚದಲ್ಲಿ ಹಾಕಿ ಮಗಳ ಬಾಯಿಗೆ ಹಿಡಿದಿದ್ದರು. ಮೂಲೆಯಲ್ಲಿ ಕೂತಿದ್ದ ಅವ್ವ ಎದ್ದು ಬಂದಳು. ಯಾರು ಏನು ಕೊಟ್ಟರೂ ಮೂಸಿ ನೋಡುತ್ತಿದ್ದ ಅವ್ವ.

"ತಡೀರಿ ಬೀಗರ, ಬಸರಿ ಹೆಣಮಗಳು. ಏನೈತೋ ಏನೋ, ಮೊದಲ ನಾ ತಿಂದ ನೋಡ್ತೀನಿ."

ಚಮಚ ಕಸಿದು ಬಾಯಿಗೆ ಹಾಕಿಕೊಂಡಳು. ಮುಖ ಹುಣಸೆಹಣ್ಣಾಯಿತು. ಕಷ್ಟಪಟ್ಟು ನುಂಗಿ ಹೇಳಿದಳು:

"ಪಾಪ, ನಿಮ್ಮ ರಾಣಿ ದಿನಾ ಇದನ್ನ ತಿಂತಾಳೇನ್ರಿ? ಇದಕ್ಕಿಂತ ನಮ್ಮನಿ ರೊಟ್ಟಿ ಚಲೋ."

ಮೊದಲು ನಕ್ಕವಳು ನನ್ನ ಹೆಂಡತಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಾವ. ಕಡೆಗೆ ಅವ್ವ, ತಾನು ಏನು ಹೇಳಿದೆ ಅಂತ ಆಗಷ್ಟೇ ಗೊತ್ತಾದವಳ ಹಾಗೆ... ಅವತ್ತು ಮಧ್ಯಾಹ್ನ ಹೆಂಡತಿ ಅವ್ವನ ಕೈಯ ರೊಟ್ಟಿ ತಿಂದು ಸಂಜೆತನಕ ಮಲಗಿದಳು.

ಡಾಕ್ಟರು ವಿಷಯ ತಿಳಿದು ಮಾವನಿಗೆ ಚೆನ್ನಾಗಿ ಬೈದರು. ಹುಳಕ್ಕಾದದ್ದು ಮನುಷ್ಯರಿಗಾಗುವುದಿಲ್ಲ, ಬಸುರಿಗೆ ಕೇಳದೇ ಏನೂ ಕೊಡಬಾರದು, ಅವ್ವನ ಗುಳಿಗೆ ಒಂದು ದಿನವೂ ತಪ್ಪಬಾರದು, ಮಗಳು ನೆಮ್ಮದಿಯಿಂದ ಉಂಡು ಮಲಗಿದರೆ ಅಷ್ಟೇ ಸಾಕು. ಮಾವ ಹೂಂ ಹೂಂ ಅಂದರು. ಆಮೇಲೆ ಸೀಸೆ ತರಲಿಲ್ಲ, ತಾವೇ ಬರತೊಡಗಿದರು. ಅವ್ವನ ಎದುರು ಕೂತು ಎಲೆ ಅಡಿಕೆ ಹಾಕುತ್ತಾ, ರಾಣಿ ನಿಮ್ಮನ್ನು ಕೇಳಿದಳು ಬೀಗತಿ ಅನ್ನುವರು. ಅವ್ವ, ಆಕಿ ಊಟ ಆಕಿಗೇ ಇರಲಿ ಅನ್ನುವಳು. ಪೆಟ್ಟಿಗೆಯಂತೂ ಹಾಳಾಯಿತು. ಹೆಂಡತಿ ತವರಿಗೆ ಹೋಗಿ ಹೆತ್ತಳು, ಕೂಸು ಕಟ್ಟಿಕೊಂಡು ನಮ್ಮ ಮನೆಗೇ ಬಂದಳು.

ಮೊಮ್ಮಗಳು ಶಾಲೆಗೆ ಸೇರಿದ ವರ್ಷ ಮಾವ ಹೋದರು. ಅವರ ಹಾಗೆ ತಪ್ಪು ತಿಳಿದುಕೊಳ್ಳುವವರು ಈಗ ನಮ್ಮ ಕಡೆ ಯಾರೂ ಇಲ್ಲ. ಮಗಳಿಗೆ ಮುಂದೆ ಏನು ಅಂತ ಡಾಕ್ಟರೂ ಬರೆದುಕೊಡಲಾರರು, ನಾವೂ ಕೇಳುವುದಿಲ್ಲ.

ಈಗ ನನಗಿರುವುದು ಒಂದು ಅಂಗಡಿ, ಎರಡು ಮಷೀನು, ಗುಳಿಗೆ ತಪ್ಪಿಸದ ಅವ್ವ, ಅವಳ ಪಕ್ಕದಲ್ಲೇ ಉಣ್ಣುವ ಹೆಂಡತಿ, ಒಬ್ಬಳು ಮಗಳು. ಮಾವ ಇಲ್ಲ.