ಬಿಸಿಲಿಗೆ ಹಾಕಿದ ಕಂದು ಬಟ್ಟೆ

ಅವ್ವ ಏಣಿ ಹತ್ತಿದ್ದನ್ನು ನಾನು ನೋಡಿಲ್ಲ. ಆಗ ಧಾರವಾಡದ ಪ್ರಯೋಗಾಲಯದಲ್ಲಿದ್ದೆ. ಆದರೂ ಆ ದೃಶ್ಯ ನಿಚ್ಚಳವಾಗಿ ನೆನಪಿದೆ: ಬಾಗಿದ ಮೊಣಕಾಲು, ಒಂದು ಕೈಯಲ್ಲಿ ನನ್ನ ಡಬ್ಬಿ. ಇಂಥ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು.

ಯರಗಟ್ಟಿ ಹತ್ತಿರದ ನಮ್ಮೂರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅವ್ವನ ಕಾಲು ಬಾಗಿದ್ದು ಅದರಿಂದಲೇ. ಊರಿನ ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದಿತ್ತು. ನಾನು ಪಿಎಚ್.ಡಿ.ಗೆ ಮಾಡುತ್ತಿದ್ದದ್ದು ಗ್ರಾಫೀನ್ ಆಕ್ಸೈಡ್ ಕೆಲಸ. ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ, ಅದರ ಮೈತುಂಬ ಆಮ್ಲಜನಕದ ಗುಂಪುಗಳು. ಆ ಗುಂಪುಗಳು ಅಲ್ಯೂಮಿನಿಯಂ ಹಿಡಿಯುತ್ತವೆ, ಆ ಅಲ್ಯೂಮಿನಿಯಂ ನೀರಿನಲ್ಲಿರುವ ಫ್ಲೋರೈಡನ್ನು ಹಿಡಿಯುತ್ತದೆ. ಗುಂಪುಗಳು ಹೆಚ್ಚಾದರೆ ಹಾಳೆ ನೀರಿನಲ್ಲೇ ಕದಡಿಹೋಗುತ್ತದೆ, ತೀರ ಕಡಿಮೆಯಾದರೆ ಏನನ್ನೂ ಹಿಡಿಯುವುದಿಲ್ಲ. ಬೇಕಾದಷ್ಟೇ ಉಳಿಸುವುದನ್ನು ಕಲಿಯಲು ವರ್ಷಗಳೇ ಹೋಗಿದ್ದವು.

ಮಾರ್ಗದರ್ಶಕರು ನಿವೃತ್ತರಾಗಿ ಪ್ರಯೋಗಾಲಯ ಖಾಲಿಯಾಗುತ್ತಿತ್ತು. ಕಂದು ಬಣ್ಣದ ಕೊನೆಯ ತಯಾರಿಯನ್ನು ನೀರು ಸೋಸಲೆಂದು ಹತ್ತಿ ಬಟ್ಟೆಗೆ ಸವರಿ, ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿ ಮನೆಯಲ್ಲಿಟ್ಟು, ಅಲ್ಯೂಮಿನಿಯಂ ಉಪ್ಪು ತರಲು ಧಾರವಾಡಕ್ಕೆ ಹೋದೆ. ಮುಟ್ಟಬೇಡ ಎಂದು ಹೇಳಿದ್ದೆನೆಂದೇ ನನ್ನ ನೆನಪು. ಅವ್ವ ಇಲ್ಲ ಅನ್ನುತ್ತಾಳೆ.

ಮೂರ್ನಾಲ್ಕು ದಿನ ಬಿಟ್ಟು ಬಂದಾಗ ಬಟ್ಟೆ ಚಾವಣಿಯ ತಗಡಿನ ಮೇಲೆ, ಒಣಹಾಕಿದ ಸಂಡಿಗೆಯ ಪಕ್ಕದಲ್ಲಿತ್ತು. ಕಂದು ಹೋಗಿ ಕಪ್ಪಾಗಿತ್ತು.

"ಮುಗ್ಗಲ ವಾಸನಿ ಹೊಡೀತಿತ್ತೋ. ಹಸಿ ಅರಿವಿ ಮಡಚಿ ಡಬ್ಬ್ಯಾಗ ಇಡ್ತಾರೇನು? ಇಷ್ಟ ಸಾಲಿ ಕಲ್ತು ಇದೂ ತಿಳೀಲಿಲ್ಲ ನಿನಗ?"

"ಮ್ಯಾಲ ಯಾರು ಹತ್ತಿದ್ರಬೇ?"

"ನಾನ ಹತ್ತೇನಿ. ಕಾಲು ಬಾಗ್ಯಾವ, ಸತ್ತಿಲ್ಲ ಇನ್ನ."

ನಗುತ್ತಲೇ ಹೇಳಿದಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಬಿಸಿಲು, ಕಾದ ತಗಡು ಸೇರಿ ಆಮ್ಲಜನಕದ ಗುಂಪುಗಳನ್ನು ಓಡಿಸಿದ್ದವು. ಆ ಬಣ್ಣ ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ.

ಆದರೂ ಬಟ್ಟೆಯನ್ನು ಅಲ್ಯೂಮಿನಿಯಂ ಉಪ್ಪಿನ ದ್ರಾವಣದಲ್ಲಿ ನೆನೆಸಿ, ತೊಳೆದು, ಬೋರಿನ ನೀರು ಸೋಸಿದೆ. ಅವ್ವ ಎದುರಿಗೇ ಗೋಡೆ ಹಿಡಿದು ಕುಂತಳು. ಫ್ಲೋರೈಡ್ ಇದ್ದರೆ ಕೆಂಪು ಹೋಗಿ ಹಳದಿಯಾಗುವ ದ್ರಾವಣವನ್ನು ಸೋಸಿದ ನೀರಿಗೆ ಹಾಕಿದೆ. ಹಳದಿಯಾಯಿತು. ಸೋಸದ ನೀರಿಗೂ ಹಾಕಿದೆ. ಅದೇ ಹಳದಿ.

"ಛಂದ ಬಣ್ಣ ಬಂತಲ್ಲ," ಅಂದಳು. ಕೈಯಲ್ಲಿ ತಂಬಿಗೆ ಹಿಡಿದೇ ಇದ್ದಳು. "ಇನ್ನ ಕುಡೀಲೇನು?"

"ಬ್ಯಾಡಬೇ. ಶುದ್ಧ ಆಗಿಲ್ಲದು."

"ಮತ್ತ ಯಾವ್ದು ಕುಡೀಲಿ?"

ಗೋಡೆ ಹಿಡಿದೇ ಎದ್ದು, ಒಳಗೆ ಹೋಗಿ ಬೋರಿನ ನೀರಿನ ಕೊಡದಲ್ಲಿ ತಂಬಿಗೆ ಅದ್ದಿದಳು.